ಹನ್ನೊಂದು ಫ್ರೇಮ್

ಫೆಬ್ರವರಿ 3, ಸೋಮವಾರ

ನಮ್ಮ ಮ್ಯೂಸಿಕ್ ವಿಡಿಯೋದ ಸ್ಟೋರಿಬೋರ್ಡ್ ಮೂರನೇ ಸಲ ವಾಪಸ್ ಬಂತು. ಪ್ರತಿ ಚೌಕದ ಪಕ್ಕ ಮೇಡಂ ಕೆಂಪು ಪೆನ್ನಿನಲ್ಲಿ ಒಂದೇ ಪದ ಬರೆದಿದ್ದಾರೆ — ‘ಯಾಕೆ?’ ಇಪ್ಪತ್ತೆಂಟು ಚೌಕ, ಇಪ್ಪತ್ತೆಂಟು ಯಾಕೆ. ಮೀಡಿಯಾ ಸ್ಟಡೀಸ್‌ನಲ್ಲಿ ಯಾವುದೂ ಸುಮ್ಮನೆ ಇರುವಂತಿಲ್ಲ. ಹುಡುಗಿ ಕಿಟಕಿ ಪಕ್ಕ ನಿಂತರೆ ಅದು ಕನ್ವೆನ್ಷನ್, ಎಲ್ಲರೂ ಮಾಡುವ ರೂಢಿ. ನಿಲ್ಲದಿದ್ದರೆ ಅದಕ್ಕೊಂದು ಥಿಯರಿ.

ನಮ್ಮದು ಮೂವರ ಗುಂಪು. ಹಾಡು ಗುಂಗುರುವಿನದ್ದು. ಬರೆದದ್ದೂ ಅವಳೇ, ಹಾಡಿದ್ದೂ ಅವಳೇ. ಹೆಸರು ಬಂದದ್ದು ಅವಳ ಕೂದಲಿನಿಂದ. ಕ್ಯಾಮೆರಾ ಜಿರಾಫೆಯದ್ದು. ಆರಡಿ ಮೂರಿಂಚು. ಅವನು ನಿಂತು ಹಿಡಿದರೆ ಎಲ್ಲವೂ ಟಾಪ್ ಆ್ಯಂಗಲ್. ಡೈರೆಕ್ಷನ್, ಎಡಿಟಿಂಗ್ ನನ್ನ ಪಾಲು. ವಿರಹದ ಹಾಡು. ಈ ಜಾತಿಯ ವಿಡಿಯೋದಲ್ಲಿ ಇರಲೇಬೇಕಾದ್ದನ್ನೆಲ್ಲ ಪಟ್ಟಿ ಮಾಡಿದ್ದಾಯಿತು — ದೂರ ಹೋಗುವ ಹುಡುಗಿಯ ಬೆನ್ನು, ಹಾರುವ ಕೂದಲು, ಆರಿಹೋದ ಕಾಫಿ, ಸ್ಲೋ ಮೋಷನ್... ಮಾರ್ಚ್ ಆರಕ್ಕೆ ಕ್ಲಾಸಿನಲ್ಲಿ ಸ್ಕ್ರೀನಿಂಗ್. ಕನ್ವೆನ್ಷನ್ ಎಲ್ಲಿ ಬಳಸಿದಿರಿ, ಎಲ್ಲಿ ಮುರಿದಿರಿ, ಅದನ್ನೂ ಬರೆದು ಕೊಡಬೇಕು.

ಮನೆಗೆ ಬಂದಾಗ ಕೆಳಮನೆಯಲ್ಲಿ ದೊಡ್ಡಮ್ಮ ಹೆಡ್‌ಸೆಟ್ ಹಾಕಿಕೊಂಡು ಯಾವನೋ ಡ್ರೈವರಿಗೆ ದಾರಿ ಹೇಳುತ್ತಿದ್ದಳು. ಟ್ಯಾಕ್ಸಿ ಕಂಪನಿಯ ಫೋನು ಅವಳ ಸುಪರ್ದಿ. ಗಾಲಿಕುರ್ಚಿ ಬಿಟ್ಟು ಎದ್ದವಳಲ್ಲ, ಊರಿನ ಒಂದೊಂದು ತಿರುವೂ ಬಾಯಿಪಾಠ. ನಮಗೆ ರಕ್ತಸಂಬಂಧ ಏನೂ ಇಲ್ಲ. ಅಮ್ಮನ ಗೆಳತಿ. ನಾನು ಹುಟ್ಟುವ ಮೊದಲೇ ಬಸ್ಸಿನಿಂದ ಬಿದ್ದಳಂತೆ; ಆವತ್ತಿನಿಂದ ಕೆಳಮನೆ ಅವಳದ್ದು, ಅವಳ ಸ್ನಾನ, ಊಟ, ಮಾತ್ರೆ ಎಲ್ಲ ಅಮ್ಮನದ್ದು. ಅಪ್ಪ ಲಿಫ್ಟ್ ಮೆಕ್ಯಾನಿಕ್. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವರು ಮನೆ ಬಾಗಿಲಿಗೆ ಒಂದು ಇಳಿಜಾರು ಕಟ್ಟಿಸಲು ನಾಲ್ಕು ವರ್ಷ ತಗೊಂಡರು ಅಂತ ದೊಡ್ಡಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ನಾಳೆ ಮೇಡಂ ಹಳೇ ವಿಡಿಯೋ ತೋರಿಸುತ್ತಾರಂತೆ.


ಫೆಬ್ರವರಿ 4, ಮಂಗಳವಾರ. ಮಧ್ಯಾಹ್ನ 12:40

ಲೈಬ್ರರಿಯಲ್ಲಿ ಕೂತಿದ್ದೇನೆ. ಅಕ್ಷರ ಸೊಟ್ಟ ಬರುತ್ತಿದೆ.

ಮೊದಲಿಂದ ಬರೆಯಬೇಕು.

ಇವತ್ತು ‘ನೋಟದ ಥಿಯರಿ’. ಕ್ಯಾಮೆರಾ ಗಂಡಸಿನ ಕಣ್ಣಿಂದ ನೋಡುತ್ತದೆ, ಹೆಂಗಸನ್ನು ತುಂಡು ತುಂಡಾಗಿ ತೋರಿಸುತ್ತದೆ, ಅಷ್ಟು. ಉದಾಹರಣೆಗೆ ಮೇಡಂ ಇಪ್ಪತ್ತೆರಡು ವರ್ಷದ ಹಿಂದಿನ ಆಲ್ಬಂ ಹಾಡು ಹಾಕಿದರು. ಟ್ಯೂನ್ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ, ಸಲೂನಿನಲ್ಲಿ ಕೇಳಿಯೇ ಬೆಳೆದದ್ದು. ವಿಡಿಯೋ ಯಾರೂ ನೋಡಿರಲಿಲ್ಲ. ಗಾಯಕನಿಗೆ ಮುಖ ಇದೆ, ಬೇಕಾದಷ್ಟು ಇದೆ. ಹಾಡಿನ ಹುಡುಗಿಗೆ ಇಲ್ಲ. ಕಾಲು, ಬೆನ್ನು, ಕೂದಲು. ಆಮೇಲೆ ಬಾಗಿಲ ಚಿಲಕ ತೆಗೆಯುವ ಎಡಗೈ.

ಪರದೆ ತುಂಬ ಆ ಕೈ. ಕಿರುಬೆರಳು ನಡುಗಂಟಿನಿಂದ ಹೊರಕ್ಕೆ ಬಾಗಿದೆ. ಹೆಬ್ಬೆರಳ ಉಗುರು ನಡುವೆ ಸೀಳು.

ಆ ಉಗುರು ನನಗೆ ಗೊತ್ತು. ಚಿಕ್ಕವಳಿದ್ದಾಗ ಮಿಷನ್ ಸೂಜಿ ಹೊಕ್ಕು ಹಾಗಾಗಿದ್ದು. ಹತ್ತು ವರ್ಷ ನನ್ನ ಗಲ್ಲ ಹಿಡಿದು ತಲೆ ಬಾಚಿದ ಕೈ ಅದು.

ಅಮ್ಮನ ಕೈ.

ಮೇಡಂ ವಿಡಿಯೋ ಅಲ್ಲೇ ನಿಲ್ಲಿಸಿದರು. ಕೈಯ ಪಕ್ಕ ನಿಂತು, ತುಂಬ ತಾಳ್ಮೆಯಿಂದ, “ಈ ಕೈ ಹಿಂದೆ ಒಬ್ಬಳು ಹೆಂಗಸು ಇದ್ದಾಳೆ ಅಂತ ನಿಮಗೆ ಎಲ್ಲಾದ್ರೂ ಅನಿಸುತ್ತಾ?” ಅಂತ ಕೇಳಿದರು.

ಹಿಂದಿನ ಬೆಂಚಿನಿಂದ ಯಾರೋ, “ನಮಗೆ ಕೈ ಸಾಕು ಮೇಡಂ” ಅಂದ. ಕ್ಲಾಸ್ ನಕ್ಕಿತು.

ನಾನೂ ನಕ್ಕೆ. ಯಾಕೆ ನಕ್ಕೆ ಗೊತ್ತಿಲ್ಲ. ಬಾಯಿ ತಾನಾಗಿ ನಕ್ಕಿತು.


ಅದೇ ದಿನ, ಸಂಜೆ 6

ಅಮ್ಮನ ಆಲ್ಟರೇಷನ್ ಅಂಗಡಿಗೆ ಹೋಗಿ ಕೂತೆ. ಡ್ರೈಕ್ಲೀನರ್ಸ್ ಪಕ್ಕದ ಆರಡಿ ಗೂಡು. ಒಂದು ಮಿಷನ್, ಒಂದು ಕನ್ನಡಿ, ಗೋಡೆ ತುಂಬ ಬೇರೆಯವರ ಪ್ಯಾಂಟು. ಯಾರದೋ ಕೋಟಿಗೆ ಗುಂಡಿ ಹಾಕುತ್ತಿದ್ದಳು. ಅವಳ ಕೈಯಿಂದ ಕಣ್ಣು ಕೀಳಲಾಗಲಿಲ್ಲ.

“ಏನೇ ಹಾಗೆ ನೋಡ್ತಿದ್ದೀಯ? ನನ್ನ ಕೈಯಲ್ಲಿ ಸಿನಿಮಾ ಓಡ್ತಿದ್ಯಾ?” ಅಂದಳು.

ಸುಮ್ಮನೆ ಅಂದದ್ದು. ನಾನು ಕನ್ನಡಿ ಕಡೆ ತಿರುಗಿಕೊಂಡೆ.


ಫೆಬ್ರವರಿ 6, ಗುರುವಾರ

ಅದೇ ವಿಡಿಯೋ ಬಗ್ಗೆ ಎರಡು ಪುಟದ ವಿಶ್ಲೇಷಣೆ ಬರೆಯಬೇಕಿತ್ತು. ಬರೆದೆ. ಕೈಯ ಸುದ್ದಿಗೇ ಹೋಗಲಿಲ್ಲ. ಕಾಲಿನ ಬಗ್ಗೆ ಬರೆದೆ. ಎರಡನೇ ಚರಣದ ಕೊನೆಯಲ್ಲಿ ಒಂದು ಶಾಟ್ ಇದೆ — ಟೆರೇಸಿನ ಕಟ್ಟೆ, ಅದರ ಮೇಲೆ ಹೈಹೀಲ್ಸ್ ಹಾಕಿ ನಡೆಯುವ ಎರಡು ಕಾಲು, ಮೊಣಕಾಲಿನ ಕೆಳಗೆ ಮಾತ್ರ, ಹಿಂದೆ ಗೌನಿನ ಅಂಚು. ನನ್ನ ವಾಕ್ಯ ಇಲ್ಲಿ ಇಳಿಸುತ್ತಿದ್ದೇನೆ:

‘ಹಿಮ್ಮಡಿ ಅಂಚಿನಿಂದ ಫ್ರೇಮಿನ ಆಚೆಗೆ ಜಾರುವುದು, ಡ್ರಮ್ಮಿನ ಪೆಟ್ಟು ಬೀಳುವುದು, ಕಟ್ ಆಗುವುದು ಒಂದೇ ಕ್ಷಣದಲ್ಲಿ. ದೃಶ್ಯ ಮತ್ತು ಸಂಗೀತದ ಇಂಥ ನಿಖರ ಹೊಂದಾಣಿಕೆ ಈ ಪ್ರಕಾರದ ಅತ್ಯುತ್ತಮ ಮಾದರಿ. ಆ ಕಾಲುಗಳು ಯಾರವೂ ಅಲ್ಲ. ಅವು ಬರೀ ತಾಳ.’

ಮೇಡಂ ಪಕ್ಕದಲ್ಲಿ ‘ಸೂಕ್ಷ್ಮ ನೋಟ’ ಅಂತ ಬರೆದರು. ಕ್ಲಾಸಿಗೆ ಓದಿ ಹೇಳಿದರು.

ಜಿರಾಫೆಗೆ ಹುರುಪು ಹತ್ತಿತು. ಅದೇ ಶಾಟ್ ನಾವೂ ತೆಗೆಯೋಣ, ಆದರೆ ಕಾಲಿನಿಂದ ಮುಖಕ್ಕೆ ಟಿಲ್ಟ್ ಮಾಡೋಣ. ಹಳೆಯದನ್ನು ನೆನಪಿಸಿದ ಹಾಗೂ ಆಯಿತು, ಮುರಿದ ಹಾಗೂ ಆಯಿತು ಅಂದ. ಗುಂಗುರು ಒಪ್ಪಿದಳು. ಐಡಿಯಾ ಚೆನ್ನಾಗಿತ್ತು. ನಾನೂ ಒಪ್ಪಿದೆ.


ಫೆಬ್ರವರಿ 9, ಭಾನುವಾರ

ಶೂಟಿಂಗ್. ಹಾಸ್ಟೆಲ್ ಟೆರೇಸ್. ಒಳ್ಳೇ ಬೆಳಕು, ಒಳ್ಳೇ ಗಾಳಿ. ಕಟ್ಟೆ ಒಂದಡಿ ಅಗಲ. ಗುಂಗುರು ತನ್ನ ಅತ್ತಿಗೆಯ ಹೀಲ್ಸ್ ತಂದಿದ್ದಳು, ಒಂದು ಸೈಜ್ ದೊಡ್ಡದು, ಒಳಗೆ ಹತ್ತಿ ತುರುಕಿದ್ದು. ಆರು ಟೇಕ್. ಐದು ಸಪ್ಪೆ. ಆರನೆಯದಕ್ಕೆ ನಾನೇ ಮಾನಿಟರ್ ನೋಡುತ್ತಾ, ಇನ್ನೊಂದು ಹೆಜ್ಜೆ, ಇನ್ನೊಂದೇ ಹೆಜ್ಜೆ ಅಂತ ಹೇಳುತ್ತಿದ್ದೆ. ಹೀಲ್ ತಿರುಚಿತು. ಒಳಗಡೆಗೆ ಕುಸಿದು ಕೂತಳು. ಮೊಣಕೈ ತರಚಿತು. ಎರಡು ಸೆಕೆಂಡ್ ಮೂವರೂ ಕಲ್ಲು. ಆಮೇಲೆ ನಗು, ಹೊಟ್ಟೆ ಹಿಡಿದುಕೊಂಡು ನಗು.

ಪ್ಲೇ ಮಾಡಿ ನೋಡಿದರೆ ಅದೇ ಬೆಸ್ಟ್ ಟೇಕ್. ಕಾಲು ತಿರುಚುವ ಕಡೆಯೇ ಡ್ರಮ್ ಕೂರುತ್ತದೆ.


ಫೆಬ್ರವರಿ 12, ಬುಧವಾರ

ಕೇಳಿಬಿಟ್ಟೆ.

ಅಂಗಡಿ ಷಟರ್ ಅರ್ಧ ಇಳಿಸಿದ ಮೇಲೆ ಫೋನ್ ಅವಳ ಮುಂದಿಟ್ಟು ವಿಡಿಯೋ ಹಾಕಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಒಂದೊಂದೇ ತೆಗೆದು ಮೆತ್ತೆಗೆ ಚುಚ್ಚಿದಳು. ಎಲ್ಲಿ ಸಿಕ್ಕಿತು ಅಂತ ಕೇಳಿದಳು. ಕ್ಲಾಸಿನಲ್ಲಿ ತೋರಿಸಿದರು ಅಂದೆ. ‘ಕ್ಲಾಸಿನಲ್ಲಾ?’ ಅಂತ ತನಗೆ ತಾನೇ ಎರಡು ಸಲ ಹೇಳಿಕೊಂಡಳು.

“ಕೈ ನಂದು. ಮಿಕ್ಕಿದ್ದೆಲ್ಲ ಬೇರೆಯವರದ್ದು.”

ನಾನು ಹೆದರಿದ್ದಂತೆ ಏನೂ ಆಗಲಿಲ್ಲ. ಅಳಲಿಲ್ಲ, ನಾಚಲಿಲ್ಲ. ಕತೆ ಹೇಳುವ ಹಾಗೆ ಹೇಳಿದಳು. ಆ ಯೂನಿಟ್ಟಿನ ಟೈಲರಿಗೆ ಸಹಾಯಕಿಯಾಗಿ ಸೇರಿದ್ದಳಂತೆ. ಬೆರಳು ಸೊಟ್ಟಗಿದ್ದರೂ ಬಣ್ಣ ಒಪ್ಪುತ್ತದೆ ಅಂತ ಚಿಲಕ ತೆಗೆಯಲು ಇವಳನ್ನೇ ಎಳೆದು ನಿಲ್ಲಿಸಿದರಂತೆ. ಬೆನ್ನು ಒಬ್ಬಳು ಡಾನ್ಸ್ ಟೀಚರದ್ದು. ಕೂದಲು ವಿಗ್. ಸೆಟ್ಟಿನಲ್ಲಿ ಯಾರಿಗೂ ಹೆಸರಿಲ್ಲ. ಏ ಕೈ, ಬಾ ಇಲ್ಲಿ. ಬೆನ್ನು ಎಲ್ಲಿ ಹೋಯ್ತು. ಕಾಲಿಗೆ ಊಟ ಆಯ್ತಾ. ಹೀಗೇ ಕರೆಯುತ್ತಿದ್ದರಂತೆ. ಹೇಳುತ್ತಾ ನಕ್ಕಳು. ನಾನೂ ನಕ್ಕೆ. ಮನಸ್ಸು ಹಗುರಾಯಿತು. ಎಷ್ಟು ದಿನದಿಂದ ಸುಮ್ಮನೆ ಒಳಗೊಳಗೇ ಬೇಯುತ್ತಿದ್ದೆ ಅನ್ನಿಸಿತು.

ಆ ಹಗುರದಲ್ಲೇ, ಹಾಗಾದರೆ ಕಾಲು ಯಾರದ್ದು ಅಂತ ಕೇಳಿದೆ.

ಮಡಿಸಿಟ್ಟ ಪ್ಯಾಂಟನ್ನು ಬಿಡಿಸಿ ಮತ್ತೆ ಮಡಿಸಿದಳು.

“ದೊಡ್ಡಮ್ಮಂದು.”

ಮೊದಲು ಅರ್ಥವೇ ಆಗಲಿಲ್ಲ. ಯಾವ ದೊಡ್ಡಮ್ಮ ಅಂತ ಕೇಳಿದೆ. ನನಗಿರುವುದು ಒಬ್ಬಳೇ.

“ಅವಳು ಬಸ್ಸಿಂದ ಬಿದ್ದಿದ್ದಲ್ಲ. ಆ ಕಟ್ಟೆಯಿಂದ. ಆ ಟೇಕಲ್ಲೇ. ಅದನ್ನೇ ಇಟ್ಕೊಂಡ್ರು.”

ಯಾವ ಟೇಕ್ ಅಂತ ಕೇಳುವ ಅಗತ್ಯ ಇರಲಿಲ್ಲ. ಅದರ ಬಗ್ಗೆ ನಾನು ಒಂದು ಪ್ಯಾರಾ ಬರೆದಿದ್ದೇನೆ. ಸೂಕ್ಷ್ಮ ನೋಟ.

ಆಸ್ಪತ್ರೆಯಲ್ಲಿ ಬಸ್ಸು ಅಂತ ಬರೆಸಿದರಂತೆ. ಸಾಕ್ಷಿಗೆ ಅಮ್ಮನೇ ಸಹಿ ಹಾಕಿದ್ದು. ಆಗ ಅವಳಿಗೆ ಇಪ್ಪತ್ತಮೂರು. ಹಾಕು ಅಂದರು, ಹಾಕಿದೆ ಅಂದಳು. ಬಿದ್ದಾಗ ನೀನು ಎಲ್ಲಿದ್ದೆ ಅಂತ ಕೇಳಿದೆ.

“ದಾರ ತರೋಕೆ ಕೆಳಗೆ ಹೋಗಿದ್ದೆ. ನಾನು ನೋಡ್ಲಿಲ್ಲ.”

ಮನೆ ಮುಟ್ಟಿದಾಗ ದೊಡ್ಡಮ್ಮ ಕಿಟಕಿಯಿಂದ, ತಾಯಿ ಮಗಳು ಮೆರವಣಿಗೆ ಹೊರಟ ಹಾಗೆ ಬರ್ತಿದ್ದೀರಲ್ಲ, ಬೇಗ ಹೆಜ್ಜೆ ಹಾಕಿ ಅಂದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಕಾಲಿನ ಮೇಲಿನ ಶಾಲು ನೋಡಿದೆ. ಅದನ್ನೂ ನೋಡಲಾಗಲಿಲ್ಲ.


ಫೆಬ್ರವರಿ 13, ಗುರುವಾರ. ಬೆಳಗ್ಗೆ 10

ಕಾಲೇಜಿಗೆ ಹೋಗಲಿಲ್ಲ. ವಿಡಿಯೋವನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದೆ. ಆ ಶಾಟನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ.

ಬಲಗಾಲಿನ ಹೀಲ್ ಕಟ್ಟೆ ಬಿಟ್ಟ ಮೇಲೆ ಕಟ್ ಆಗುವವರೆಗೆ ಹನ್ನೊಂದು ಫ್ರೇಮ್. ಅರ್ಧ ಸೆಕೆಂಡೂ ಇಲ್ಲ. ಮೂರು ಸಲ ಎಣಿಸಿದೆ. ಯಾರೋ ಒಬ್ಬ ಎಡಿಟರ್ ನನ್ನ ಹಾಗೆ ಕುರ್ಚಿಯಲ್ಲಿ ಕೂತು, ಬೀಟಿಗೆ ಹೊಂದಿಸಲು, ಇದೇ ಹನ್ನೊಂದನ್ನು ಇಟ್ಟುಕೊಂಡಿದ್ದಾನೆ. ಹತ್ತು ಇಟ್ಟಿದ್ದರೆ ಡ್ರಮ್ಮಿಗೆ ಒಂದು ಕಡಿಮೆ ಬೀಳುತ್ತಿತ್ತು. ನನಗೆ ಗೊತ್ತು. ನಾನೂ ಹಾಗೇ ಮಾಡುತ್ತಿದ್ದೆ.

ಅಷ್ಟೇ ಆಗಿದ್ದರೆ ಸಾಕಿತ್ತು.

ಅದಕ್ಕೂ ಮುಂಚಿನ ಫ್ರೇಮುಗಳಲ್ಲಿ, ಎಡಗಡೆ ಕೆಳಮೂಲೆಯಲ್ಲಿ, ಗೌನಿನ ಅಂಚಿನ ಹತ್ತಿರ ಏನೋ ಇದೆ. ಜೂಮ್ ಮಾಡಿದೆ. ಮಸುಕು. ಬ್ರೈಟ್‌ನೆಸ್ ಏರಿಸಿದೆ. ಬೆರಳು. ಮೂರು ಬೆರಳು ಗೌನಿನ ಅಂಚು ಹಿಡಿದಿವೆ. ನಾಲ್ಕು ಫ್ರೇಮ್ ಆದ ಮೇಲೆ ಅಂಚು ಬಿಡುತ್ತವೆ. ಐದನೆಯದರಲ್ಲಿ ಇಲ್ಲ. ಅದಾದ ಮೇಲೆ ಹೀಲ್ ಕಟ್ಟೆ ಬಿಡುತ್ತದೆ.

ಕಿರುಬೆರಳು ಹೊರಕ್ಕೆ ಬಾಗಿದೆ.

ಅವಳು ದಾರ ತರಲು ಹೋಗಿರಲಿಲ್ಲ.


ಅದೇ ದಿನ, ಮಧ್ಯಾಹ್ನ 3

ಗುಂಗುರುವನ್ನೂ ಜಿರಾಫೆಯನ್ನೂ ಕ್ಯಾಂಟೀನಿಗೆ ಕರೆದು ನಮ್ಮ ಕಟ್ಟೆ ಶಾಟ್ ವಿಡಿಯೋದಿಂದ ಕಿತ್ತುಹಾಕೋಣ ಅಂದೆ. ಜಿರಾಫೆ ಕೆರಳಿದ. ನಮ್ಮ ಇಡೀ ವಾದ ನಿಂತಿರುವುದೇ ಅದರ ಮೇಲೆ, ಉಳಿದದ್ದು ಬರೀ ಕಾಫಿ ಕಪ್ ಅಂದ. ಕೊನೆಗೆ ಹೇಳಬೇಕಾಯಿತು. ಬಿದ್ದದ್ದು ಹೇಳಿದೆ. ಬೆರಳಿನ ಮಾತು ಹೇಳಲಿಲ್ಲ.

ಜಿರಾಫೆ ಕೂತಲ್ಲೇ ಕುಗ್ಗಿದ. ಗುಂಗುರು ಬಹಳ ಹೊತ್ತು ತರಚಿದ ಮೊಣಕೈ ನೋಡಿಕೊಂಡಳು.

“ಅವರು ಎಷ್ಟನೇ ಮಹಡಿಯಿಂದ?”

ಎರಡನೇದು ಅಂದೆ.

“ನಾವು ನಾಲ್ಕನೇದ್ರಲ್ಲಿದ್ವಿ.”

ನಾನು ಇನ್ನೊಂದೇ ಹೆಜ್ಜೆ ಅಂದದ್ದನ್ನು ಅವಳು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.


ಫೆಬ್ರವರಿ 15, ಶನಿವಾರ

ಬರೆಯಲು ಕೂತೆ. ಎದ್ದೆ.


ಫೆಬ್ರವರಿ 24, ಸೋಮವಾರ

ಒಂಬತ್ತು ದಿನ ಏನು ಮಾಡಿದೆ? ಕಾಲೇಜು, ಮನೆ, ಕಾಲೇಜು. ಮೇಡಂ ಎಡಿಟಿಂಗಿನ ಮೊದಲ ರಫ್ ಕಟ್ ಕೇಳಿದರು, ಕಂಪ್ಯೂಟರ್ ಕೈಕೊಟ್ಟಿತು ಅಂದೆ. ಅಮ್ಮ ದಿನಾ ಬೆಳಗ್ಗೆ ದೊಡ್ಡಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಾಳೆ. ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಈಗ ನೋಡಿದರೆ ಬೇರೆ ಏನೋ ಕಾಣುತ್ತದೆ, ಮುಖ ತಿರುಗಿಸುತ್ತೇನೆ. ಅದೇ ದೃಶ್ಯ, ಬೇರೆ ಓದು. ಪರೀಕ್ಷೆಗೆ ಅಂತ ಕಲಿತದ್ದು ಅಡುಗೆಮನೆವರೆಗೂ ಬಂದಿದೆ.

ಇವತ್ತು ಮಧ್ಯಾಹ್ನ ಅಂಗಡಿಗೆ ಹೋಗಿ ಆ ಫ್ರೇಮ್ ತೋರಿಸಿದೆ. ಬೆರಳು ಕಾಣಿಸುವಷ್ಟು ದೊಡ್ಡದು ಮಾಡಿ ಕೊಟ್ಟೆ.

ಮಿಷನ್ ನಿಂತಿತು. ಗಿರಾಕಿ ಬಂದು ಸ್ಕರ್ಟ್ ಆಯ್ತಾ ಅಂತ ಕೇಳಿದಳು. ಅಮ್ಮ ನಾಳೆ ಅಂದಳು. ಅವಳು ಹೋದಳು. ಆಮೇಲೆ ಅಮ್ಮ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು.

ದೊಡ್ಡಮ್ಮನಿಗೆ ಎತ್ತರ ಅಂದರೆ ಭಯವಂತೆ. ನೀನು ಒಳಗಡೆ ಕೂತು ಗೌನಿನ ಅಂಚು ಬಿಗಿಯಾಗಿ ಹಿಡಿದಿರು, ಅದೊಂದು ಎಳೆತ ಇದ್ದರೆ ಗೋಡೆ ಹಿಡಿದ ಹಾಗೆ, ನಡೀತೀನಿ ಅಂದಿದ್ದಳಂತೆ. ಅಮ್ಮ ಕಟ್ಟೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಅಂಚು ಹಿಡಿದು, ಅವಳ ಜೊತೆ ಜೊತೆಗೇ ಸರಿದಳಂತೆ. ನಾಲ್ಕು ಹೆಜ್ಜೆ ಸರಿಯಾಗಿ ಹೋಯಿತು.

“ಡೈರೆಕ್ಟರ್ ಕೂಗಿದ್ರು. ಕೈ, ಫ್ರೇಮಲ್ಲಿ ಬರ್ತಿದ್ದೀಯ, ಆಚೆ ಹೋಗು ಅಂತ. ನಾನು ಬಿಟ್ಟೆ.”

ಗೋಡೆಗೆ ತೂಗಿದ ಪ್ಯಾಂಟೊಂದರ ಮಡಿಕೆ ನೇರ ಮಾಡಿದಳು.

“ಯೋಚನೆ ಮಾಡಿ ಬಿಟ್ಟಿದ್ದಲ್ಲ. ಕೈ ಅಂದ್ರು, ಕೈ ತೆಗೆದೆ.”

ದೊಡ್ಡಮ್ಮನಿಗೆ ಹೇಳು ಅಂದೆ. ತಲೆ ಆಡಿಸಿದಳು. ಅವಳಿಗೆ ಪ್ರಜ್ಞೆ ಬಂದಾಗ ಮೊದಲು ಕೇಳಿದ್ದೇ ನೀನು ಎಲ್ಲಿದ್ದೆ ಅಂತ. ದಾರ ತರೋಕೆ ಹೋಗಿದ್ದೆ ಅಂತ ಬಾಯಿಗೆ ಬಂತು. ಬಂದದ್ದು ನಿಂತುಹೋಯಿತು ಅಂದಳು. ಈಗ ಹೇಳಿದರೆ ಇಪ್ಪತ್ತೆರಡು ವರ್ಷ ಮಾಡಿದ್ದೆಲ್ಲ ಪ್ರಾಯಶ್ಚಿತ್ತದ ಲೆಕ್ಕಕ್ಕೆ ಹೋಗುತ್ತದಂತೆ. “ಪ್ರೀತಿ ಅಂತ ಅಂದ್ಕೊಂಡಿದ್ದಾಳೆ ಕಣೆ. ಪ್ರೀತಿನೂ ಹೌದು. ಅದನ್ನ ಹೇಗೆ ಬೇರೆ ಮಾಡಿ ಹೇಳ್ಲಿ?”

ನಾನು ಫೋನ್ ಆರಿಸಿದೆ.


ಮಾರ್ಚ್ 1, ಶನಿವಾರ. ಬೆಳಗ್ಗೆ 11:30

ಈಗಷ್ಟೇ ಮೇಲೆ ಬಂದೆ. ಬಾಗಿಲು ಹಾಕಿಕೊಂಡಿದ್ದೇನೆ.

ಗುಂಗುರು ನಿನ್ನೆ ನನ್ನನ್ನು ಹುಡುಕಿಕೊಂಡು ಬಂದವಳು ಕೆಳಮನೆಯಲ್ಲಿ ದೊಡ್ಡಮ್ಮನ ಕೈಗೆ ಸಿಕ್ಕಿಬಿದ್ದಿದ್ದಾಳೆ. ದಾರಿ ತಪ್ಪಿದ ಡ್ರೈವರುಗಳ ಬಾಯಿ ಬಿಡಿಸುವವಳಿಗೆ ಇವಳ ಬಾಯಿ ಎಷ್ಟರದ್ದು. ನಿಮ್ಮ ಹಳೇ ವಿಡಿಯೋ ನಮ್ಮ ಪಾಠದಲ್ಲಿ ಬಂತು ಅಂತ ಹೇಳಿಬಿಟ್ಟಿದ್ದಾಳೆ. ಬೆಳಗ್ಗೆ ದೊಡ್ಡಮ್ಮ ಕರೆದಳು. ಅಮ್ಮ ಅಂಗಡಿಗೆ ಹೋದ ಮೇಲೆ ಕರೆದಳು, ಅದನ್ನು ಗಮನಿಸಿದೆ.

ಲ್ಯಾಪ್‌ಟಾಪ್ ತಗೊಂಡು ಬಾ, ನಾನು ಯಾವತ್ತೂ ನೋಡಿಲ್ಲ ಅಂದಳು.

ಹಾಕಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದಳು. ಹಾಡಿನ ಶುರುವಿನಲ್ಲಿ ಉದ್ದನೆಯ ಕಾರಿಡಾರಿನಲ್ಲಿ ಕಾಲು ನಡೆಯುವ ಶಾಟ್ ಇದೆಯಲ್ಲ, ಅದನ್ನು ನಾಲ್ಕು ಸಲ ಹಾಕಿಸಿದಳು. ಮುಖ ಅರಳಿತು. ಆ ಹೆಜ್ಜೆ ಯಾರೂ ಹೇಳಿಕೊಟ್ಟದ್ದಲ್ಲವಂತೆ. ಹಿಮ್ಮಡಿ ಮೊದಲು ಊರಿ, ತಾಳಕ್ಕಿಂತ ಒಂದು ಕೂದಲಷ್ಟು ತಡವಾಗಿ ಬೆರಳು ಇಡುವುದು. ಹಾಗೆ ಇಟ್ಟರೆ ನಡೆಯುವವಳಿಗೆ ಅವಸರ ಇಲ್ಲ, ಹಿಂದೆ ಬರುವವನಿಗೆ ಇದೆ ಅಂತ ಕಾಣುತ್ತದೆ ಅಂದಳು.

“ನೋಡು, ಎಷ್ಟು ಚೆನ್ನಾಗಿ ನಡೀತಿದ್ದೆ.”

ಆ ಕಾಲುಗಳು ಯಾರವೂ ಅಲ್ಲ ಅಂತ ಬರೆದಿದ್ದೆನಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಟ್ಟೆ ಶಾಟ್ ಬರುವ ಮೊದಲು ನಿಲ್ಲಿಸಲು ಹೋದೆ. ಬೇಡ ಅಂದಳು. ಬಂತು. ಡ್ರಮ್ ಬಿತ್ತು. ಹಿಂದೆ ಹೋಗು, ನಿಧಾನಕ್ಕೆ ಹಾಕು ಅಂದಳು. ಹಾಕಿದೆ. ಅವಳ ಕಣ್ಣು ಕಾಲಿನ ಮೇಲೆ ಇರಲಿಲ್ಲ. ನೇರವಾಗಿ ಎಡಗಡೆಯ ಕೆಳಮೂಲೆಗೆ ಹೋಯಿತು. ಎಲ್ಲಿ ನೋಡಬೇಕು ಅಂತ ಅವಳಿಗೆ ಮೊದಲೇ ಗೊತ್ತಿತ್ತು.

“ಹಾಂ. ಇಲ್ಲಿ,” ಅಂದಳು.

ಗೊತ್ತಾ ನಿನಗೆ ಅಂತ ಕೇಳಿದೆನೋ, ಬರೀ ಮುಖ ನೋಡಿದೆನೋ.

“ಅಂಚು ಸಡಿಲ ಆಯ್ತು. ಆಮೇಲೆ ಬಿದ್ದೆ. ಮೊದಲು ಅದು, ಆಮೇಲೆ ಇದು. ಕ್ರಮ ನನಗೆ ಗೊತ್ತಿಲ್ವಾ?”

ಇಪ್ಪತ್ತೆರಡು ವರ್ಷದಿಂದ ಗೊತ್ತು. ಆಸ್ಪತ್ರೆಯಲ್ಲಿ ನೀನೆಲ್ಲಿದ್ದೆ ಅಂತ ಕೇಳಿದ್ದು ಗೊತ್ತಿದ್ದೇ. ಅಮ್ಮ ದಾರ ಅಂದಾಗ ಇವಳು ಹೂಂ ಅಂದಳು. ಮೊದಲ ವರ್ಷ ಅಮ್ಮನ ಮುಖ ಕಂಡರೆ ಮೈಯೆಲ್ಲ ಉರಿಯುತ್ತಿತ್ತಂತೆ; ಬೇಕಂತಲೇ ಹಾಸಿಗೆ ಒದ್ದೆ ಮಾಡಿದ್ದೂ ಉಂಟಂತೆ. ಯಾವಾಗ ಆ ಉರಿ ಹೋಯಿತು ನೆನಪಿಲ್ಲ. ನೀನು ಹುಟ್ಟಿದ ಮೇಲೆ ಇರಬಹುದು, ನಿನ್ನನ್ನು ತಂದು ನನ್ನ ತೊಡೆ ಮೇಲೆ ಹಾಕಿ ನೀರು ಕಾಯಿಸೋಕೆ ಹೋಗಿದ್ದಳು, ನಾನು ಕೈ ಬಿಡಲ್ಲ ಅಂತ ನಂಬಿ ಅಂದಳು.

ಆಮೇಲೆ ಮತ್ತೆ ಯಾಕೆ ಕೇಳಲಿಲ್ಲ ಅಂದೆ.

“ಕೇಳಿದ್ರೆ ಹೇಳ್ತಿದ್ಲು. ಕೇಳದೆ ಹೇಳ್ಲಿ ಅಂತ.”

ಫೋನ್ ಬಂತು. ಹೆಡ್‌ಸೆಟ್ ಹಾಕಿಕೊಂಡಳು. ಸೇತುವೆ ದಾಟಿ ಎಡಕ್ಕೆ, ಶಾಲೆ ಕಾಂಪೌಂಡ್ ಬಿಟ್ಟು ಎರಡನೇ ತಿರುವು ಅಂತ ಸ್ಪಷ್ಟವಾಗಿ, ಒಂದು ಚೂರೂ ನಡುಗದ ದನಿಯಲ್ಲಿ ಹೇಳಿದಳು. ಇಟ್ಟ ಮೇಲೆ ನನ್ನ ಕಡೆ ತಿರುಗಿ, “ನೀನು ಅವಳಿಗೆ ಏನೂ ಹೇಳ್ಬೇಡ. ಬಂದ್ರೆ ತಾನಾಗೇ ಬರ್ಲಿ” ಅಂದಳು.


ಮಾರ್ಚ್ 2, ಭಾನುವಾರ

ಅಮ್ಮನ ಗುಟ್ಟು ದೊಡ್ಡಮ್ಮನಿಗೆ ಹೇಳುವಂತಿಲ್ಲ. ದೊಡ್ಡಮ್ಮನ ಗುಟ್ಟು ಅಮ್ಮನಿಗೆ ಹೇಳುವಂತಿಲ್ಲ. ಎರಡೂ ಒಂದೇ ಗುಟ್ಟು. ಬೆಳಗ್ಗೆ ಇಬ್ಬರೂ ದೊಡ್ಡಮ್ಮನ ಜಡೆ ಬಿಗಿಯಾಯಿತು, ಸಡಿಲವಾಯಿತು ಅಂತ ಜಗಳ ಆಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಇಷ್ಟು ವರ್ಷ ನಾನು ಯಾವ ಮನೆಯಲ್ಲಿದ್ದೆ?


ಮಾರ್ಚ್ 4, ಮಂಗಳವಾರ

ಹೊಸ ಶೂಟಿಂಗ್. ಐಡಿಯಾ ನಮ್ಮದಲ್ಲ. ದೊಡ್ಡಮ್ಮನೇ ಗುಂಗುರುವಿಗೆ ಫೋನ್ ಮಾಡಿ, ನಿನ್ನ ಹಾಡಿಗೆ ನಾನು ಬಾಯಿ ಆಡಿಸ್ತೀನಿ, ಮುಖ ತೆಗೀರಿ ಅಂದಿದ್ದಾಳೆ. ಹೋಗುವ ಹುಡುಗಿಯ ಬಗ್ಗೆ ಅಲ್ಲವೇ ಹಾಡು, ಹೋಗಲಾರದವಳು ಹಾಡಲಿ ಬಿಡಿ ಅಂದಳಂತೆ.

ನೀಲಿ ಬ್ಲೌಸ್ ಅಮ್ಮ ಹೊಲಿದುಕೊಟ್ಟಳು. ಅಳತೆ ತಗೊಳ್ಳಲಿಲ್ಲ, ಅವಳ ಕೈಗೆ ಗೊತ್ತು. ಯಾವುದಕ್ಕೆ ಅಂತಲೂ ಕೇಳಲಿಲ್ಲ. ಇಸ್ತ್ರಿ ಮಾಡಿ ಕುರ್ಚಿ ಮೇಲಿಟ್ಟು ಅಂಗಡಿಗೆ ಹೋದಳು.

ಜಿರಾಫೆ ಇಡೀ ದಿನ ಮಂಡಿಯೂರಿದ್ದ. ಅವಳ ಕಣ್ಣಿನ ಎತ್ತರಕ್ಕೆ ಇಳಿಯಲು ಬೇರೆ ದಾರಿ ಇರಲಿಲ್ಲ. ದೊಡ್ಡಮ್ಮ ಹೆಡ್‌ಸೆಟ್ ಹಾಕಿಕೊಂಡೇ ಹಾಡಿಗೆ ಬಾಯಿ ಆಡಿಸಿದಳು, ನೇರ ಕ್ಯಾಮೆರಾ ನೋಡಿ. ಎರಡೇ ಟೇಕ್. ಎರಡನೆಯದರ ನಡುವೆ ನಿಜವಾದ ಫೋನ್ ಬಂತು, ನಿಲ್ಲಿಸದೆ ಉತ್ತರಿಸಿದಳು. ಅದನ್ನೂ ಇಟ್ಟುಕೊಂಡಿದ್ದೇವೆ. ಅವಳನ್ನು ಕೇಳಿಯೇ ಇಟ್ಟುಕೊಂಡೆವು.

ಹಳೇ ವಿಡಿಯೋದಿಂದ ಒಂದು ಶಾಟ್ ಹಾಕಬೇಕು ಅಂತ ಷರತ್ತು ಹಾಕಿದಳು. ಕಟ್ಟೆಯದ್ದಲ್ಲ, ಕಾರಿಡಾರಿನದ್ದು. ಆ ನಡಿಗೆಗೆ ಈ ಮುಖ ಜೋಡಿಸು ಅಂದಳು.


ಮಾರ್ಚ್ 6, ಗುರುವಾರ

ಸ್ಕ್ರೀನಿಂಗ್ ಮುಗಿಯಿತು. ಕಾರಿಡಾರಿನಲ್ಲಿ ಆ ಕಾಲು, ಕಟ್, ಐವತ್ತರ ಹತ್ತಿರದ ಮುಖ, ಮತ್ತೆ ಕಾಲು. ಆ ಹುಡುಗ ಇವತ್ತೂ ಹಿಂದಿನ ಬೆಂಚಿನಲ್ಲೇ ಇದ್ದ. ಏನೂ ಅನ್ನಲಿಲ್ಲ.

ಮೇಡಂ ಮೊದಲು ಹೊಗಳಿದರು — ಕನ್ವೆನ್ಷನ್ ತಿರುಗುಮುರುಗು ಮಾಡಿದ್ದೀರಿ, ಹಳೇ ಕಾಲಿಗೆ ಹೊಸ ಮುಖ ಕೊಟ್ಟದ್ದು ಜಾಣತನ, ಎಷ್ಟು ಹೊಂದುವ ನಟಿ ಸಿಕ್ಕಿದರು ಅಂತ. ಎದ್ದು ನಿಂತೆ. ಅವರು ನಟಿಯಲ್ಲ, ಆ ಕಾಲು ಅವರದ್ದೇ ಅಂದೆ. ಆ ಶೂಟಿಂಗಿನಲ್ಲೇ ಬಿದ್ದರು, ಬಿದ್ದದ್ದೇ ವಿಡಿಯೋದಲ್ಲಿದೆ, ಅದನ್ನು ನಾನು ಅತ್ಯುತ್ತಮ ಮಾದರಿ ಅಂತ ಬರೆದಿದ್ದೆ ಅಂದೆ.

ಮೇಡಂ ಕೂತುಬಿಟ್ಟರು. ಹನ್ನೆರಡು ವರ್ಷದಿಂದ ಈ ವಿಡಿಯೋ ಪಾಠ ಮಾಡ್ತಿದ್ದೀನಿ, ಅಂದರು. ಬೆಲ್ ಆದ ಮೇಲೂ ಯಾರೂ ಬೇಗ ಏಳಲಿಲ್ಲ.


ಮಾರ್ಚ್ 7, ಶುಕ್ರವಾರ. ಸಂಜೆ 5:20

ಅಮ್ಮ ಬೇಗ ಬಂದಳು. ಚಪ್ಪಲಿ ಬಿಡುವ ಮೊದಲೇ ನಿಮ್ಮ ವಿಡಿಯೋ ತೋರಿಸು ಅಂದಳು. ಮಂಚದ ಅಂಚಿನಲ್ಲಿ ಕೂತು ನೋಡಿದಳು. ಮೂರು ನಿಮಿಷ ನಲವತ್ತು ಸೆಕೆಂಡ್. ಕಟ್ಟೆ ಬರುತ್ತದೆ ಅಂತ ಕಾಯುತ್ತಿದ್ದಳು ಅನ್ನಿಸುತ್ತದೆ, ಬರಲಿಲ್ಲ. ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ದೊಡ್ಡಮ್ಮನಿಗೇನಾದರೂ ಗೊತ್ತಾ ಅಂತ ನನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಎದ್ದು ಮೆಟ್ಟಿಲು ಇಳಿದಳು.

ನಾನು ಅರ್ಧ ಮೆಟ್ಟಿಲಲ್ಲಿ ಕೂತು ಮಂಡಿ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಕೆಳಮನೆ ಬಾಗಿಲು ತೆರೆದೇ ಇದೆ. ದೊಡ್ಡಮ್ಮ ಯಾವನಿಗೋ ಬಲಕ್ಕೆ, ಬಲಕ್ಕೆ ಅನ್ನುತ್ತಿದ್ದವಳು ನಿಲ್ಲಿಸಿದಳು. ಹೆಡ್‌ಸೆಟ್ ಮೇಜಿನ ಮೇಲೆ ಇಟ್ಟ ಸದ್ದು. ಅಮ್ಮ ಕೂರಲಿಲ್ಲ ಅಂತ ಕಾಣುತ್ತದೆ, ದನಿ ನಿಂತಲ್ಲಿಂದಲೇ ಬಂತು.

“ಅವತ್ತು ನಾನು ದಾರ ತರೋಕೆ ಹೋಗಿರ್ಲಿಲ್ಲ ಕಣೆ.”

ಫೋನ್ ಹೊಡೆದುಕೊಳ್ಳುತ್ತಿದೆ. ದೊಡ್ಡಮ್ಮ ಎತ್ತುತ್ತಿಲ್ಲ. ಕುರ್ಚಿಯ ಗಾಲಿ ಉರುಳಿತು. ಬಾಗಿಲ ಕಡೆಗೋ, ಅಮ್ಮನ ಕಡೆಗೋ... ಈಗ ದೊಡ್ಡಮ್ಮ ಏನೋ ಅಂದಳು, ತುಂಬ ಮೆಲ್ಲಗೆ, ಅಮ್ಮ ಕೂತ ಸದ್ದು. ಪೆನ್ನು ಮುಚ್ಚುತ್ತೇನೆ.